ಮನೆ ಹಿಂದಕ್ಕೆ ಬಂತು, ಆಮೇಲೆ?

ಎಲ್ಕ್ ಗ್ರೋವ್ ವಿಲೇಜಿನ ನನ್ನ ಹಳೆಯ ಆಫೀಸಿನಲ್ಲಿ ಪಕ್ಕದ ಕ್ಯೂಬಿನಲ್ಲಿ ಕೂರುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಬಾಸ್ನಿಯಾದವರು, ಪ್ರಿಯೆದೋರ್ ಎಂಬ ಊರಿನವರು. ನಾವು ಬೇಳೆ, ಬೆಂಡೆಕಾಯಿಗೆಂದು ಹೋಗುವ ಡೆವಾನ್ ಬೀದಿಯ ಸುತ್ತಮುತ್ತಲೇ ಯುದ್ಧದ ನಂತರ ಅವರ ಜನ ಸಾವಿರಾರು ಮಂದಿ ಬಂದು ನೆಲೆಸಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ ಅವರು, "ನಮ್ಮ ಬಗ್ ಟ್ರ್ಯಾಕರಿನಲ್ಲಿ ಇರುತ್ತಲ್ಲ, ಹಾಗೆ ನನ್ನ ಮನೆಗೂ ಒಂದು ಕೇಸ್ ನಂಬರ್ ಇತ್ತು" ಎಂದರು. ಆ ಮಾತಿನ ಎಳೆ ಹಿಡಿದು ಓದಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಬಾಸ್ನಿಯಾ ಯುದ್ಧ 1992ರಿಂದ 1995ರವರೆಗೆ ನಡೆಯಿತು. ಸುಮಾರು 43 ಲಕ್ಷ ಜನರ ನಾಡಿನಲ್ಲಿ 22 ಲಕ್ಷ ಮಂದಿ ಮನೆ ಬಿಟ್ಟರು. ಅಂದರೆ ಇಬ್ಬರಲ್ಲಿ ಒಬ್ಬರು! ಯುದ್ಧ ನಿಲ್ಲಿಸಿದ ಒಪ್ಪಂದ ಕುದುರಿದ್ದು ಒಹಾಯೋ ರಾಜ್ಯದ ಡೇಟನ್ನಿನಲ್ಲಿ, ಇಲ್ಲಿಂದ ಕಾರಿನಲ್ಲಿ ಐದು ಗಂಟೆ ದೂರ. ಅದರ ಏಳನೇ ಅನುಬಂಧ, ನಿರಾಶ್ರಿತರಿಗೆ ತಮ್ಮ ಸ್ವಂತ ಮನೆಗೇ ಮರಳುವ ಹಕ್ಕಿದೆ ಎಂದಿತು. ತಮ್ಮ ದೇಶಕ್ಕೆ ಮರಳುವ ಹಕ್ಕಷ್ಟೇ ಅಲ್ಲ, ಬಿಟ್ಟುಬಂದ ಅದೇ ಬಾಗಿಲಿಗೆ.

ಕಾಗದದ ಮೇಲೆ ಚೆಂದ. ಆದರೆ ಯುದ್ಧಕಾಲದ ಕಾನೂನುಗಳು ಖಾಲಿ ಬಿದ್ದ ಮನೆಗಳನ್ನು 'ತೊರೆದ ಆಸ್ತಿ' ಎಂದು ಆಗಲೇ ಬೇರೆಯವರಿಗೆ ಹಂಚಿಬಿಟ್ಟಿದ್ದವು. ಸರಾಯೆವೊದ ಕಡೆ ಇದ್ದ ಒಂದು ನಿಯಮ ಕೇಳಿ: ಯುದ್ಧ ಮುಗಿದ ಮೇಲೆ ದೇಶದೊಳಗಿದ್ದವರು ಏಳು ದಿನದಲ್ಲಿ, ಹೊರಗಿದ್ದವರು ಹದಿನೈದು ದಿನದಲ್ಲಿ ಬಂದು ಸರ್ಕಾರಿ ಫ್ಲ್ಯಾಟಿನಲ್ಲಿ ಕೂರದಿದ್ದರೆ ಹಕ್ಕು ಹೋಯಿತು! ಶಿಕಾಗೋದ ಚಳಿಯಲ್ಲಿ ಬಂದಿಳಿದವನು ಹದಿನೈದು ದಿನದಲ್ಲಿ ಹೇಗೆ ಹೋದಾನು? ಈ ಕಾನೂನುಗಳು ರದ್ದಾಗಲು 1998 ಬರಬೇಕಾಯಿತು. ಆಮೇಲೂ ಸ್ಥಳೀಯ ಕಚೇರಿಗಳು ಅರ್ಜಿಗಳ ಮೇಲೆ ಕೂತವು. 1999ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಉನ್ನತ ಪ್ರತಿನಿಧಿ ವೋಲ್ಫ್‌ಗಾಂಗ್ ಪೆಟ್ರಿಚ್ 22 ಅಧಿಕಾರಿಗಳನ್ನು ಒಟ್ಟಿಗೆ ಮನೆಗೆ ಕಳಿಸಿದರು.

ನನ್ನಂಥ ಡೇಟಾಬೇಸ್ ಮನುಷ್ಯನಿಗೆ ಹಿಡಿಸಿದ್ದು ಅಲ್ಲಿಂದ ಮುಂದಿನದು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ, ಯುರೋಪಿನ ಭದ್ರತಾ ಸಂಘಟನೆ ಮೊದಲಾದವು ಸೇರಿ ಆಸ್ತಿ ಕಾನೂನು ಜಾರಿ ಯೋಜನೆ ಹೂಡಿದವು. ಪುರಸಭೆ ಪುರಸಭೆಗೂ ಒಂದು ಸಾಲು: ಅರ್ಜಿ ಎಷ್ಟು, ತೀರ್ಮಾನ ಎಷ್ಟು, ನಿಜವಾಗಿ ವಾರಸುದಾರರ ಕೈಸೇರಿದ ಮನೆ ಎಷ್ಟು, ಶೇಕಡಾ ಎಷ್ಟು. ಪ್ರತಿ ತಿಂಗಳೂ ಪ್ರಕಟಣೆ. ಯಾವ ಊರು ಹಿಂದೆ ಬಿದ್ದಿದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಭಾಷಣಗಳಿಂದ ಆಗದ್ದನ್ನು ಈ ಒಣ ಕೋಷ್ಟಕ ಮಾಡಿತು ಎಂದೇ ನನ್ನ ಅನಿಸಿಕೆ. ಕೆಲವೇ ವರ್ಷಗಳಲ್ಲಿ ಸುಮಾರು ಎರಡು ಲಕ್ಷ ಮನೆಗಳು ಹಿಂದಕ್ಕೆ ಬಂದವು, ಅರ್ಜಿ ಹಾಕಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿಗೆ. 2004ರಲ್ಲಿ ಮರಳಿದವರ ಸಂಖ್ಯೆ ಹತ್ತು ಲಕ್ಷ ಮುಟ್ಟಿತು.

ಆದರೆ ಬರೀ ಮನೆ ಸಿಕ್ಕರೆ ಸಾಕೆ? ಪ್ರಿಯೆದೋರಿನ ಸುತ್ತ 1992ರಲ್ಲಿ ಓಮಾರ್ಸ್ಕಾ, ಕೆರಾಟೆರ್ಮ್ ಶಿಬಿರಗಳಿದ್ದವು. ಆಗಿನ ಪೊಲೀಸ್ ಮುಖ್ಯಸ್ಥ ಸಿಮೊ ದ್ರ್ಲ್ಯಾಚಾ ಯುದ್ಧದ ನಂತರವೂ ಊರಿನಲ್ಲಿ ರಾಜಾರೋಷವಾಗಿ ಓಡಾಡಿಕೊಂಡಿದ್ದ. 1997ರ ಜುಲೈನಲ್ಲಿ ಬ್ರಿಟಿಷ್ ಸೈನಿಕರು ಹಿಡಿಯಲು ಹೋದಾಗ ಗುಂಡು ಹಾರಿಸಿ ಸತ್ತ. ಪಕ್ಕದ ಕೊಜರಾತ್ಸ್ ಊರಿಗೆ ಜನ ಗುಂಪುಗುಂಪಾಗಿ ಮರಳಿ ಸುಟ್ಟ ಗೋಡೆಗಳನ್ನು ಮತ್ತೆ ಎಬ್ಬಿಸತೊಡಗಿದ್ದು ಇದಾದ ಮೇಲೆಯೇ. ನ್ಯಾಯ ಮೊದಲು, ಇಟ್ಟಿಗೆ ಆಮೇಲೆ. ಯುದ್ಧಕಾಲದಲ್ಲಿ ಪ್ರಿಯೆದೋರ್ ಪುರಸಭೆಯ ಮುಖ್ಯಸ್ಥನಾಗಿದ್ದ ಮಿಲೋಮಿರ್ ಸ್ತಾಕಿಚ್‌ಗೆ ಹೇಗ್ ನ್ಯಾಯಾಲಯ 2003ರಲ್ಲಿ ಜೀವಾವಧಿ ವಿಧಿಸಿತು; 2006ರ ಮೇಲ್ಮನವಿಯಲ್ಲಿ ಅದು 40 ವರ್ಷಕ್ಕಿಳಿಯಿತು.

ಇದನ್ನು ಓದುವಾಗ ನಮ್ಮ ಕರಾವಳಿ ನೆನಪಾಗದಿರದು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು, ಆಸ್ತಿ ಜಪ್ತಿಯಾಯಿತು. 1799ರ ನಂತರ ಬದುಕುಳಿದವರು ಘಟ್ಟ ಇಳಿದು ಮರಳಿದರು. ಸೆರೆಯಾದವರು ಎಷ್ಟು ಮಂದಿ ಎಂಬುದರಲ್ಲೇ ಇಂದಿಗೂ ಒಮ್ಮತವಿಲ್ಲ. ಅಲ್ಲಿ ತಿಂಗಳ ಕೋಷ್ಟಕ ಇಟ್ಟವರು ಯಾರು?

ಇನ್ನು ನನ್ನ ಸಹೋದ್ಯೋಗಿಯ ಮನೆ. 2002ರಲ್ಲಿ ಬೀಗದ ಕೈ ಸಿಕ್ಕಿತು. ಒಳಗಿದ್ದವರೂ ಸಾನ್ಸ್ಕಿ ಮೋಸ್ತ್ ಎಂಬ ಊರಿನಿಂದ ಓಡಿಬಂದ ಸರ್ಬ್ ನಿರಾಶ್ರಿತರೇ. ಆ ಸಂಸಾರದ ಅಜ್ಜಿ ಕಾಫಿ ಮಾಡಿಕೊಟ್ಟಳಂತೆ. ಇವರು ಮೂರು ವಾರ ಅಲ್ಲಿದ್ದು, ಕೊನೆಗೆ ಆ ಸಂಸಾರಕ್ಕೇ ಮನೆ ಮಾರಿ ವಿಮಾನ ಹತ್ತಿದರು. ಮಕ್ಕಳು ಇಲ್ಲಿ ಹೈಸ್ಕೂಲಿನಲ್ಲಿದ್ದರು, ಅಲ್ಲಿ ಕೆಲಸವಿರಲಿಲ್ಲ. ಕೋಷ್ಟಕದಲ್ಲಿ ಅವರ ಅರ್ಜಿ ಮನೆ ಮರಳಿ ಸಿಕ್ಕವರ ಲೆಕ್ಕಕ್ಕೆ ಸೇರಿ ಮುಗಿದಿದೆ.

"ಟೆಸ್ಟರ್ ಆಗಿ ನೀವಾದರೆ ಅದನ್ನು ಕ್ಲೋಸ್ ಮಾಡುತ್ತಿದ್ದಿರಾ?" ಎಂದು ಕೇಳಿದೆ. ಅವರು ನಕ್ಕು ಡಬ್ಬಿ ತೊಳೆಯಲು ಎದ್ದರು.