ಕ್ಯಾಮೆರಾ ಎಲ್ಲಿ ನಿಂತಿತ್ತು?

1964ರ ಜನವರಿಯಲ್ಲಿ ಜಾಂಜಿಬಾರ್ ದ್ವೀಪದಲ್ಲಿ ದೊಡ್ಡ ಹತ್ಯಾಕಾಂಡವೊಂದು ನಡೆಯಿತು. ಅದರ ಚಲನಚಿತ್ರ ದಾಖಲೆ ಎಂದು ಬರೆದವರೆಲ್ಲ ಬೊಟ್ಟು ಮಾಡುವುದು ಒಂದನ್ನೇ: ಆಕಾಶದಿಂದ ಚಿತ್ರೀಕರಿಸಿದ ಕೆಲವೇ ನಿಮಿಷಗಳ ಬಣ್ಣದ ಚಿತ್ರಿಕೆಗಳು. ಅವು ಉಳಿದಿರುವುದು 1966ರಲ್ಲಿ ತೆರೆಕಂಡ 'ಆಫ್ರಿಕಾ ಅಡ್ಡಿಯೊ' ಎಂಬ ಇಟಲಿಯ ಸಾಕ್ಷ್ಯಚಿತ್ರದಲ್ಲಿ. ಗ್ವಾಲ್ತಿಯೆರೊ ಯಾಕೊಪೆತ್ತಿ ಮತ್ತು ಫ್ರಾಂಕೊ ಪ್ರೊಸ್ಪೆರಿ ಅದರ ನಿರ್ದೇಶಕರು. ಆ ಚಿತ್ರದ ಮೇಲೆ ಜನಾಂಗದ್ವೇಷದ ಆರೋಪವಿದೆ, ದೃಶ್ಯಗಳನ್ನು ಬೇಕೆಂದೇ ಹೂಡಿ ತೆಗೆದರೆಂಬ ಆರೋಪವಿದೆ. ಯಾಕೊಪೆತ್ತಿಯಂತೂ ಕೊಲೆಗೆ ಸಹಕರಿಸಿದ ಆಪಾದನೆಯನ್ನೇ ಎದುರಿಸಬೇಕಾಯಿತು. ಸುಳ್ಳಿಗೆ ಹೆಸರಾದವರು ಕೊಟ್ಟ ಸಾಕ್ಷಿಯನ್ನು ಏನು ಮಾಡಬೇಕು? ಬೇರೆ ಸಾಕ್ಷಿ ಇಲ್ಲವೆಂದು ಒಪ್ಪಿಕೊಳ್ಳುವುದೇ, ಹೇಳಿದವರು ಸರಿಯಿಲ್ಲವೆಂದು ತಳ್ಳಿಹಾಕುವುದೇ? ಈ ಪ್ರಶ್ನೆಯೇ ನನ್ನನ್ನು ಹಳೆಯ ಚಿತ್ರಗಳ, ಪತ್ರಿಕೆಗಳ, ಪುಸ್ತಕಗಳ ಬೆನ್ನು ಹತ್ತಿಸಿತು.

ಮೊದಲು ಸಾಕ್ಷಿದಾರರ ಪೂರ್ವಾಪರ ನೋಡಬೇಕು. ಪತ್ರಕರ್ತನಾಗಿದ್ದ ಯಾಕೊಪೆತ್ತಿ 1962ರಲ್ಲಿ ಪ್ರೊಸ್ಪೆರಿ ಮತ್ತು ಪಾವೊಲೊ ಕವಾರಾ ಜೊತೆ 'ಮೊಂಡೊ ಕಾನೆ' ಮಾಡಿದ. ಲೋಕದ ವಿಚಿತ್ರ, ಕ್ರೂರ, ಅಸಹ್ಯ ಆಚರಣೆಗಳನ್ನು ಒಂದರ ಪಕ್ಕ ಒಂದಿಟ್ಟು, ಮೇಲೆ ಚುರುಕು ಮಾತಿನ ನಿರೂಪಣೆಯನ್ನೂ ರಿಜ್ ಒರ್ತೊಲಾನಿಯ ಇಂಪಾದ ಸಂಗೀತವನ್ನೂ ಹಚ್ಚಿದ ಚಿತ್ರ ಅದು. ಜಗತ್ತಿನಾದ್ಯಂತ ಓಡಿತು. ಅದರ ಹಾಡು ಆಸ್ಕರ್ ನಾಮನಿರ್ದೇಶನ ಪಡೆಯಿತು. ಅದನ್ನು ಅನುಕರಿಸಿ ಬಂದ ಚಿತ್ರಗಳ ಸಾಲಿಗೇ 'ಮೊಂಡೊ' ಎಂಬ ಹೆಸರು ಬಿತ್ತು. ಮರುವರ್ಷವೇ ಎರಡನೆಯ ಭಾಗ ಬಂತು. ಅದರಲ್ಲಿ ವಿಯೆಟ್ನಾಮಿನ ಬೌದ್ಧ ಭಿಕ್ಷುವೊಬ್ಬರು ಬೆಂಕಿ ಹಚ್ಚಿಕೊಳ್ಳುವ ದೃಶ್ಯವಿದೆ. 1963ರ ಜೂನ್ 11ರಂದು ಸೈಗಾನಿನಲ್ಲಿ ಥಿಚ್ ಕ್ವಾಂಗ್ ಡುಕ್ ಆತ್ಮಾಹುತಿ ಮಾಡಿಕೊಂಡದ್ದು ನಿಜ. ಮಾಲ್ಕಮ್ ಬ್ರೌನ್ ತೆಗೆದ ಛಾಯಾಚಿತ್ರ ಅದಕ್ಕೆ ಸಾಕ್ಷಿ. ಆದರೆ ಸಿನಿಮಾದಲ್ಲಿರುವುದು ಮರುನಟನೆ. ಸತ್ಯವಾಗಿ ನಡೆದ ಸಾವನ್ನು ಸುಳ್ಳಾಗಿ ಮತ್ತೊಮ್ಮೆ ನಡೆಸಿ, ಅದನ್ನೇ ಅಸಲು ಎಂದು ಮಾರಿದವರು ಇವರು. ಈ ಸಂಗತಿಯನ್ನು ಮರೆತು ಮುಂದೆ ಹೋಗುವಂತಿಲ್ಲ.

'ಮೊಂಡೊ ಕಾನೆ'ಯದೇ ಇನ್ನೊಂದು ಪ್ರಸಂಗದಿಂದ ನನಗೆ ಹೆಚ್ಚು ತಿಳಿಯಿತು. ಫ್ರೆಂಚ್ ಕಲಾವಿದ ಈವ್ ಕ್ಲೈನ್ ರೂಪದರ್ಶಿಯರ ಮೈಗೆ ನೀಲಿ ಬಣ್ಣ ಹಚ್ಚಿ, ಆ ಮೈಯನ್ನೇ ಹಾಳೆಗೆ ಒತ್ತಿ ಚಿತ್ರ ಮೂಡಿಸುತ್ತಿದ್ದ. 1961ರಲ್ಲಿ ಈ ತಂಡದ ಕ್ಯಾಮೆರಾ ಮುಂದೆ ಅದನ್ನು ಮಾಡಿ ತೋರಿಸಿದ. 1962ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಕೂತು ನೋಡಿದಾಗ, ತನ್ನ ಕೆಲಸವನ್ನು ಗೇಲಿಯ ವಸ್ತು ಮಾಡಿದ್ದು ಕಂಡು ಕುಗ್ಗಿಹೋದ. ಆ ಪ್ರದರ್ಶನದ ಬೆನ್ನಿಗೇ ಹೃದಯಾಘಾತವಾಯಿತು. ಜೂನ್ 6ರಂದು, ಮೂವತ್ನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡ. ಅಲ್ಲಿ ಬಣ್ಣ ನಿಜ, ಮೈ ನಿಜ, ಕಲಾವಿದ ನಿಜ. ಅವನ್ನು ಸುಳ್ಳು ಮಾಡಿದ್ದು ಜೋಡಣೆ, ಮಾತು ಮತ್ತು ಸಂಗೀತ. ಅಂದಮೇಲೆ ಇಂಥ ಚಿತ್ರವನ್ನು ಇಡಿಯಾಗಿ ನಿಜವೋ ಸುಳ್ಳೋ ಎಂದು ಕೇಳಿ ಪ್ರಯೋಜನವಿಲ್ಲ. ಪ್ರತಿ ಚಿತ್ರಿಕೆಯನ್ನೂ ಬಿಡಿಸಿ ವಿಚಾರಿಸಬೇಕು: ಕ್ಯಾಮೆರಾ ಎಲ್ಲಿ ನಿಂತಿತ್ತು? ಅಲ್ಲಿ ನಿಲ್ಲಲು ಬಿಟ್ಟವರು ಯಾರು? ಈ ಸದ್ದು ಎಲ್ಲಿಂದ ಬಂತು?

ಈಗ ಜಾಂಜಿಬಾರಿಗೆ ಬರೋಣ. ದ್ವೀಪಕ್ಕೆ ಬ್ರಿಟಿಷರಿಂದ ಸ್ವಾತಂತ್ರ್ಯ ಬಂದದ್ದು 1963ರ ಡಿಸೆಂಬರ್ 10ರಂದು. ಅಧಿಕಾರ ಅರಬ್ ಸುಲ್ತಾನ ಜಮ್ಶಿದ್ ಬಿನ್ ಅಬ್ದುಲ್ಲಾನ ಕೆಳಗಿನ ಸರ್ಕಾರದ ಕೈಗೆ ಹೋಯಿತು. ಬಹುಸಂಖ್ಯಾತ ಆಫ್ರಿಕನ್ನರಲ್ಲಿ ಗುಲಾಮಗಿರಿಯ ನೆನಪೂ ಚುನಾವಣೆಯಲ್ಲಿ ಮೋಸವಾಯಿತೆಂಬ ಸಿಟ್ಟೂ ಕುದಿಯುತ್ತಿದ್ದವು. 1964ರ ಜನವರಿ 12ರಂದು ದಂಗೆ ಎದ್ದಿತು. ಸುಲ್ತಾನ ಹಡಗು ಹತ್ತಿ ತಪ್ಪಿಸಿಕೊಂಡ. ಉಗಾಂಡ ಮೂಲದ ಜಾನ್ ಒಕೆಲ್ಲೊ ತನ್ನನ್ನು 'ಫೀಲ್ಡ್ ಮಾರ್ಷಲ್' ಎಂದು ಕರೆದುಕೊಂಡು ರೇಡಿಯೊದಲ್ಲಿ ಅಬ್ಬರಿಸಿದ. ಊರೂರುಗಳಲ್ಲಿ ಅರಬರನ್ನು ಹುಡುಕಿ ಕೊಂದರು. ಭಾರತೀಯ ವ್ಯಾಪಾರಿಗಳ ಅಂಗಡಿ ಮನೆಗಳನ್ನು ಲೂಟಿ ಮಾಡಿದರು. ಸತ್ತವರ ಲೆಕ್ಕ ಇಂದಿಗೂ ಇತ್ಯರ್ಥವಾಗಿಲ್ಲ. ಕೆಲವು ನೂರು ಎನ್ನುವವರಿಂದ ಇಪ್ಪತ್ತು ಸಾವಿರ ಎನ್ನುವವರವರೆಗೆ ಅಂದಾಜುಗಳಿವೆ. ಅಂತರ ಇಷ್ಟು ದೊಡ್ಡದಾಗಿರುವಾಗ ಒಂದು ತುಂಡು ಫಿಲ್ಮಿಗೂ ಬೆಲೆ ಬರುತ್ತದೆ.

ಆ ಭಾಗವನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ವಿಮಾನ ತಗ್ಗಿನಲ್ಲಿ ಹಾರುತ್ತದೆ, ಚಿತ್ರ ಅದುರುತ್ತದೆ. ಕೆಳಗೆ ಬಿಳಿ ನಿಲುವಂಗಿಯ ಜನ ಸಾಲಾಗಿ ನಡೆಯುತ್ತಿದ್ದಾರೆ. ಗೋಡೆ ಸುತ್ತಿದ ಜಾಗದಲ್ಲಿ ಜನರನ್ನು ಕೂಡಿಹಾಕಿದ್ದಾರೆ. ಉದ್ದನೆಯ ಗುಂಡಿಗಳಲ್ಲಿ ಹೆಣಗಳಿವೆ. ಸಮುದ್ರದ ದಂಡೆಯ ಉದ್ದಕ್ಕೂ ಹೆಣಗಳಿವೆ. ಇದು ಜನವರಿ 18ರಿಂದ 20ರ ನಡುವೆ ತೆಗೆದದ್ದೆಂದು ನಿರೂಪಕ ಹೇಳುತ್ತಾನೆ. ಇಳಿಯಲು ಹೋದಾಗ ತಮ್ಮ ಮೇಲೆ ಗುಂಡು ಹಾರಿತೆಂದೂ ಹೇಳುತ್ತಾನೆ.

ಇಲ್ಲಿ ಕ್ಯಾಮೆರಾ ಆಕಾಶದಲ್ಲಿತ್ತು. ಯಾರ ಅಪ್ಪಣೆಯನ್ನೂ ಪಡೆದಿರಲಿಲ್ಲ. ಕೆಳಗಿನವರಿಗೆ 'ಹೀಗೆ ನಡೆಯಿರಿ, ಹೀಗೆ ಮಲಗಿರಿ' ಎಂದು ಹೇಳುವ ದಾರಿ ಅದಕ್ಕಿರಲಿಲ್ಲ. ದಂಗೆಕೋರರ ಕೈಯಲ್ಲಿದ್ದ ದ್ವೀಪದಲ್ಲಿ ನೂರಾರು ನಟರನ್ನು ಗುಂಡಿಗಳಲ್ಲಿ ಮಲಗಿಸಿ ಮೇಲಿಂದ ಹಾರಿಹೋಗುವುದು ಒಂದು ಸಿನಿಮಾ ತಂಡದಿಂದ ಆಗುವ ಕೆಲಸವಲ್ಲ. ಹಾಗಾಗಿ ಹೆಣಗಳು ಹೆಣಗಳೇ ಎಂದು ನಾನು ನಂಬುತ್ತೇನೆ. ಆದರೆ ನಡೆದುಹೋಗುತ್ತಿದ್ದ ಸಾಲನ್ನೂ ದಂಡೆಯ ಮೇಲಿನ ಹೆಣಗಳನ್ನೂ ಕೂಡಿಸಿ, ನಿನ್ನೆ ಬದುಕಿದ್ದವರೇ ಇಂದು ಸತ್ತಿದ್ದಾರೆಂಬ ಅರ್ಥ ಬರುವಂತೆ ಮಾಡಿದ್ದು ಸಂಕಲನ. ಅವರೇ ಇವರು ಎಂಬುದಕ್ಕೆ ಚಿತ್ರಿಕೆಯಲ್ಲಿ ಪುರಾವೆಯಿಲ್ಲ. ಸದ್ದಿನ ಮಾತಂತೂ ಕೇಳುವುದೇ ಬೇಡ. ಹಾರುವ ವಿಮಾನದೊಳಗೆ ನೆಲದ ಸದ್ದು ಕೇಳಿಸದು. ಕೇಳುವುದೆಲ್ಲ ಆಮೇಲೆ ಸ್ಟುಡಿಯೊದಲ್ಲಿ ಕೂಡಿಸಿದ್ದು.

ಚಿತ್ರದ ಹೊರಗೆ ಏನು ಸಿಗುತ್ತದೆ? ಆಗ ಅಲ್ಲಿ ಅಮೆರಿಕದ ಉಪ ಕಾನ್ಸಲ್ ಆಗಿದ್ದ ಡಾನ್ ಪೆಟರ್ಸನ್ 2002ರಲ್ಲಿ ಜಾಂಜಿಬಾರ್ ಕ್ರಾಂತಿಯ ಬಗ್ಗೆ ಪುಸ್ತಕ ಬರೆದರು. ತಮ್ಮ ಪ್ರಜೆಗಳನ್ನು ಅಮೆರಿಕ ಹಡಗಿನಲ್ಲಿ ತೆರವು ಮಾಡಿದ ಮೇಲೂ ದ್ವೀಪದಲ್ಲೇ ಉಳಿದವರು ಅವರು. ಅರಬರ ಕಗ್ಗೊಲೆ ನಡೆದದ್ದನ್ನು ಸ್ಪಷ್ಟವಾಗಿ ದಾಖಲಿಸುತ್ತಾರೆ. ಒಕೆಲ್ಲೊ ತಾನೇ 1967ರಲ್ಲಿ ಬರೆದ ಆತ್ಮಕಥನದಲ್ಲಿ ಕೊಂದವರ ಲೆಕ್ಕವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಅವನ ಅಂಕಿಗಳನ್ನು ನಾನು ನಂಬುವುದಿಲ್ಲ. ಆದರೆ ಕೊಂದ ಪಕ್ಷದ ನಾಯಕನೇ ಕೊಲೆಯನ್ನು ಅಲ್ಲಗಳೆಯುವುದಿಲ್ಲ ಎಂಬುದು ಮುಖ್ಯ. ರಾಜತಾಂತ್ರಿಕ, ದಂಗೆಕೋರ, ವಿಮಾನದಲ್ಲಿದ್ದ ಸಿನಿಮಾದವರು: ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರ ಮಾತು ಒಂದೇ ಕಡೆ ಸೇರುತ್ತದೆ.

ಅದೇ ಚಿತ್ರದ ಕಾಂಗೋ ಭಾಗಕ್ಕೆ ಬಂದಾಗ ಇದೇ ಪರೀಕ್ಷೆ ಬೇರೆ ಉತ್ತರ ಕೊಟ್ಟಿತು. 1964ರಲ್ಲಿ ಸಿಂಬಾ ದಂಗೆಯನ್ನು ಹತ್ತಿಕ್ಕಲು ಬಿಳಿಯ ಬಾಡಿಗೆ ಸೈನಿಕರು ಬಂದಿದ್ದರು. ಯಾಕೊಪೆತ್ತಿಯ ತಂಡ ಅವರ ಜೊತೆಗೇ ಓಡಾಡಿತು. ಸೆರೆಯಾದವನನ್ನು ಕ್ಯಾಮೆರಾದ ಎದುರೇ ಗುಂಡಿಕ್ಕಿ ಕೊಲ್ಲುವ ದೃಶ್ಯ ಚಿತ್ರದಲ್ಲಿದೆ. ಇಲ್ಲಿ ಕ್ಯಾಮೆರಾ ನೆಲದ ಮೇಲಿದೆ, ಬಂದೂಕಿನ ಪಕ್ಕದಲ್ಲಿದೆ, ಬಂದೂಕು ಹಿಡಿದವನ ಒಪ್ಪಿಗೆಯಿಂದಲೇ ನಿಂತಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಪತ್ರಕರ್ತ ಕಾರ್ಲೊ ಗ್ರೆಗೊರೆತ್ತಿ ಇಟಲಿಯ 'ಲೆಸ್ಪ್ರೆಸ್ಸೊ' ವಾರಪತ್ರಿಕೆಯಲ್ಲಿ, ಚಿತ್ರೀಕರಣಕ್ಕೆ ಹೊಂದಿಕೊಳ್ಳುವಂತೆ ಕೊಲೆ ನಡೆಯಿತೆಂಬ ಅರ್ಥದ ವರದಿ ಬರೆದ. ತನಿಖೆ ನಡೆಯಿತು. ತಾವು ತಲುಪುವ ಹೊತ್ತಿಗೆ ಎಲ್ಲ ನಿಶ್ಚಯವಾಗಿತ್ತು, ತಡೆಯುವುದು ತಮ್ಮ ಕೈಯಲ್ಲಿರಲಿಲ್ಲ ಎಂದು ಯಾಕೊಪೆತ್ತಿ ವಾದಿಸಿದ. ಕೊನೆಗೆ ಆರೋಪದಿಂದ ಪಾರಾದ. ಕಾನೂನಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಮುಗಿದಿಲ್ಲ. ಆ ಮನುಷ್ಯ ಸತ್ತದ್ದು ನಿಜ. ಆದರೆ ಕ್ಯಾಮೆರಾ ಇಲ್ಲದಿದ್ದರೆ ಅವನು ಅಲ್ಲಿ, ಆಗ, ಹಾಗೆಯೇ ಸಾಯುತ್ತಿದ್ದನೇ ಎಂಬುದಕ್ಕೆ ಆ ಚಿತ್ರಿಕೆ ಉತ್ತರ ಕೊಡುವುದಿಲ್ಲ. ಕೊಂದವರ ಜೀಪಿನಲ್ಲಿ ಬಂದ ಸಾಕ್ಷಿ ಅದು.

ನಿರೂಪಣೆಯ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಯುರೋಪ್ ಆಫ್ರಿಕವನ್ನು ಎಳೆಗೂಸಿನಂತೆ ನಡುದಾರಿಯಲ್ಲಿ ಬಿಟ್ಟುಹೋಯಿತು, ಬಿಳಿಯರು ಹೋದೊಡನೆ ನಾಡು ಕಾಡಾಯಿತು ಎಂಬುದೇ ಅದರ ಧಾಟಿ. ವಸಾಹತು ಆಳ್ವಿಕೆ ನಡೆಸಿದ ಕೊಲೆಗಳಿಗೆ ಅಲ್ಲಿ ಜಾಗವಿಲ್ಲ. ದಾರ್ ಎಸ್ ಸಲಾಮ್‌ನಲ್ಲಿ ಸೈನಿಕರು ತಂಡವನ್ನು ಕಾರಿನಿಂದ ಎಳೆದು ಗೋಡೆಗೆ ಒತ್ತಿದಾಗ, ಪಾಸ್‌ಪೋರ್ಟ್ ನೋಡಿದ ಒಬ್ಬ 'ಇವರು ಬಿಳಿಯರಲ್ಲ, ಇಟಲಿಯವರು' ಎಂದು ಬಿಡಿಸಿದನೆಂಬ ಪ್ರಸಂಗವನ್ನು ಚಿತ್ರ ಸಂಭ್ರಮದಿಂದ ಹೇಳುತ್ತದೆ. ಒಂದು ಇಡೀ ಖಂಡದ ದುಃಖ ಆ ತಂಡದ ಸಾಹಸಕ್ಕೆ ಹಿನ್ನೆಲೆಯಾಗಿಬಿಡುತ್ತದೆ. 1966ರಲ್ಲಿ ಪಶ್ಚಿಮ ಬರ್ಲಿನ್ನಿನ ಚಿತ್ರಮಂದಿರದಲ್ಲಿ ಆಫ್ರಿಕನ್ ಮತ್ತು ಜರ್ಮನ್ ವಿದ್ಯಾರ್ಥಿಗಳು ಇದರ ವಿರುದ್ಧ ಪ್ರತಿಭಟಿಸಿದ್ದು ನ್ಯಾಯವಾಗಿತ್ತು. ಅಮೆರಿಕದಲ್ಲಿ 1970ರ ಹೊತ್ತಿಗೆ ಇದನ್ನು ಬಹಳಷ್ಟು ಕತ್ತರಿಸಿ 'ಆಫ್ರಿಕಾ ಬ್ಲಡ್ ಅಂಡ್ ಗಟ್ಸ್' ಎಂದು ಮಾರಿದರು. ಇದ್ದಬದ್ದ ರಾಜಕೀಯ ಹಿನ್ನೆಲೆಯೂ ಹೋಗಿ ರಕ್ತವಷ್ಟೇ ಉಳಿಯಿತು. ಆ ರೂಪವನ್ನು ನಿರ್ದೇಶಕರೇ ಒಪ್ಪಲಿಲ್ಲ.

ಹಾಗೆಂದು ಮರ್ಯಾದಸ್ಥ ಚಿತ್ರಗಳೆಲ್ಲ ನಿಜ ಹೇಳುತ್ತವೆಯೇ? ಡಿಸ್ನಿಯ 'ವೈಟ್ ವೈಲ್ಡರ್‌ನೆಸ್' 1958ರಲ್ಲಿ ಬಂತು, ಅತ್ಯುತ್ತಮ ಸಾಕ್ಷ್ಯಚಿತ್ರವೆಂದು ಆಸ್ಕರ್ ಗೆದ್ದಿತು, ಮಕ್ಕಳಿಗೆ ತೋರಿಸಲ್ಪಟ್ಟಿತು. ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಗುಂಪಾಗಿ ಬಂಡೆಯಿಂದ ನೀರಿಗೆ ಹಾರಿ ಸಾಯುತ್ತವೆಂಬ ದೃಶ್ಯ ಅದರಲ್ಲಿದೆ. 1982ರಲ್ಲಿ ಕೆನಡಾದ ಸಿಬಿಸಿ ವಾಹಿನಿ ಬಯಲು ಮಾಡಿತು: ಪ್ರಾಣಿಗಳನ್ನು ಬೇರೆ ಪ್ರಾಂತದಿಂದ ಕೊಂಡು ಆಲ್ಬರ್ಟಾಕ್ಕೆ ತಂದು, ತಿರುಗುವ ಹಲಗೆಯ ಮೇಲೆ ಓಡಿಸಿ, ಕೊನೆಗೆ ನದಿಗೆ ಬೀಳಿಸಿದ್ದರು. ಅವು ಆತ್ಮಹತ್ಯೆ ಮಾಡಿಕೊಳ್ಳುತ್ತವೆಂಬ ಸುಳ್ಳನ್ನು ಜನ ಇನ್ನೂ ನಂಬುತ್ತಾರೆ. ಪ್ರಶಸ್ತಿಯಾಗಲಿ ಅಪಖ್ಯಾತಿಯಾಗಲಿ ಚಿತ್ರಿಕೆಯ ಪರವಾಗಿ ಸಾಕ್ಷಿ ನುಡಿಯಲಾರದು.

ಜಾಂಜಿಬಾರಿನಲ್ಲಿ ಇಂದಿಗೂ ಜನವರಿ 12 ಸರ್ಕಾರಿ ಹಬ್ಬ. ಸತ್ತವರ ಮಾತು ಎತ್ತುವುದು ಅಲ್ಲಿ ಸುಲಭವಲ್ಲ. ಫ್ರೆಂಚ್ ಮಾನವಶಾಸ್ತ್ರಜ್ಞೆ ಮಾರಿ-ಓಡ್ ಫುಯೆರೆ ಈ ಚಿತ್ರದ ತುಣುಕುಗಳು ದ್ವೀಪದ ಜನರ ನಡುವೆ ಹೇಗೆ ಹರಿದಾಡುತ್ತಿವೆ ಎಂಬುದನ್ನು ಅಧ್ಯಯನ ಮಾಡಿದ್ದಾರೆ. ಕೆಲವರಿಗೆ ಅದು ತಮ್ಮವರನ್ನು ಕೊಂದದ್ದಕ್ಕಿರುವ ರುಜುವಾತು. ಇನ್ನು ಕೆಲವರಿಗೆ ವಿದೇಶಿಯರು ಕಟ್ಟಿದ ಕಥೆ. ಯಾಕೊಪೆತ್ತಿಯ ಕೆಟ್ಟ ಹೆಸರು ಇವತ್ತು ಅವನಿಗೆ ಮಾಡುವ ಹಾನಿ ಏನೂ ಇಲ್ಲ, ಅವನು 2011ರಲ್ಲೇ ತೀರಿಕೊಂಡ. ಹಾನಿಯಾಗುತ್ತಿರುವುದು ಆ ಗುಂಡಿಗಳಲ್ಲಿ ಮಲಗಿದವರ ಮೊಮ್ಮಕ್ಕಳಿಗೆ. ಅವರು ಚಿತ್ರ ತೋರಿಸಿದಾಗಲೆಲ್ಲ 'ಅದನ್ನು ತೆಗೆದವರು ಸುಳ್ಳುಗಾರರು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದು ನನ್ನನ್ನು ಬಹಳ ನೋಯಿಸಿದ ಸಂಗತಿ.

ನನ್ನ ತೀರ್ಮಾನ ಇಷ್ಟು. ಜಾಂಜಿಬಾರಿನ ವೈಮಾನಿಕ ಚಿತ್ರಿಕೆಗಳನ್ನು ಸಾಕ್ಷ್ಯವಾಗಿ ಒಪ್ಪಬೇಕು, ಅವುಗಳ ಜೋಡಣೆಯನ್ನು ಒಪ್ಪಬಾರದು. ಕಾಂಗೋ ದೃಶ್ಯಗಳನ್ನು ಕೊಂದವರ ಕಡೆಯ ದಾಖಲೆಯೆಂದು ಗುರುತು ಹಾಕಿಯೇ ಬಳಸಬೇಕು. ನಿರೂಪಣೆಯನ್ನು 1966ರ ಯುರೋಪಿನ ಮನಸ್ಸಿಗೆ ಪುರಾವೆಯಾಗಿ ಇಟ್ಟುಕೊಳ್ಳಬಹುದು, ಆಫ್ರಿಕದ ಬಗ್ಗೆ ಅದರಿಂದ ತಿಳಿಯುವುದೇನೂ ಇಲ್ಲ. ನಮ್ಮ ಫಿಲ್ಮ್ ಸೊಸೈಟಿಗಳಲ್ಲಿ ಯಾರಾದರೂ ಈ ಚಿತ್ರವನ್ನು ತೋರಿಸುವುದಾದರೆ ಒಂದು ಕೋರಿಕೆ: ಕತ್ತರಿಸದ ಇಟಾಲಿಯನ್ ಪ್ರತಿಯನ್ನೇ ತನ್ನಿ, ಜಾಂಜಿಬಾರ್ ಭಾಗ ಬಂದಾಗ ಧ್ವನಿಯನ್ನು ಪೂರ್ತಿ ಆರಿಸಿ, ಅದು ಮುಗಿದ ಮೇಲೆ ದ್ವೀಪದ ಇತಿಹಾಸ ಬಲ್ಲವರೊಬ್ಬರಿಂದ ಮಾತಾಡಿಸಿ.