ರಾಜಾರಾಮನ ಕಥೆ ಗೊತ್ತು, ಮೆಣಸಿನ ಲೆಕ್ಕ?

ಕೆಳದಿ ಚೆನ್ನಮ್ಮ ಅಂದ ಕೂಡಲೇ ನಿಮಗೆ ನೆನಪಾಗೋದು ಏನು? ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ, ಔರಂಗಜೇಬನ ಸೈನ್ಯಕ್ಕೆ ಎದುರು ನಿಂತ ರಾಣಿ. ಶಾಲಾ ವಾರ್ಷಿಕೋತ್ಸವದ ನಾಟಕದಲ್ಲೂ ಅದೇ, ನಮ್ಮ ಚಾನೆಲ್‌ಗಳ ವಿಶೇಷ ಕಾರ್ಯಕ್ರಮದಲ್ಲೂ ಅದೇ. ಸರಿ, ಒಪ್ಪೋಣ. ಆದರೆ ಆ ಸೈನ್ಯ ಸಾಕೋಕೆ ದುಡ್ಡು ಎಲ್ಲಿಂದ ಬರ್ತಿತ್ತು ಅಂತ ಯಾರಾದರೂ ಕೇಳಿದ್ದೀವಾ?

ಭೂಕಂದಾಯ ಇತ್ತು, ನಿಜ. ಜೊತೆಗೆ ಕಾಳುಮೆಣಸು ಇತ್ತು. ಭೂಪಟ ನೋಡಿ. ಕೆಳದಿ ಸಾಗರ ತಾಲ್ಲೂಕಿನಲ್ಲಿ. ರಾಜಧಾನಿ ಬಿದನೂರು, ಅಂದರೆ ಈಗಿನ ನಗರ, ಹೊಸನಗರದಲ್ಲಿ. ಕವಲೇದುರ್ಗದ ಕೋಟೆ ತೀರ್ಥಹಳ್ಳಿಯಲ್ಲಿ. ಮೂರೂ ಮೆಣಸಿನ ಬಳ್ಳಿಯ ಸೀಮೆ. ಹೊಸಂಗಡಿ ಘಾಟಿ ಇಳಿದರೆ ಕುಂದಾಪುರ, ಬಸ್ರೂರಿನ ಬಂದರು. ಬೆಳೆ, ದಾರಿ, ಬಂದರು ಮೂರೂ ಒಂದೇ ಕೈಯಲ್ಲಿ! ಎಂಜಿನಿಯರಿಂಗ್ ಮುಗಿಸಿ ನನ್ನ ಸ್ನೇಹಿತರು ಲಕ್ಷಗಟ್ಟಲೆ ಫೀಸು ಕಟ್ಟಿ ಎಂಬಿಎಯಲ್ಲಿ ಓದಿದ್ದು ಇದನ್ನೇ.

ಆ ಕೈ 1671ರಿಂದ 1696ರವರೆಗೆ ಚೆನ್ನಮ್ಮನದು. ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದವರು. ತಂದೆ ಸಿದ್ಧಪ್ಪ ಶೆಟ್ಟರು ವರ್ತಕರು. ವ್ಯಾಪಾರದ ಮಾತು ಕೇಳುತ್ತಲೇ ಬೆಳೆದಿರಬೇಕು ಅನ್ನೋದು ನನ್ನ ಊಹೆ.

1678ರಲ್ಲಿ ಅವರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡರು. ಹಿಂದೆ ಶಿವಪ್ಪ ನಾಯಕ ಹೊನ್ನಾವರ, ಗಂಗೊಳ್ಳಿ, ಬಸ್ರೂರಿನ ಕೋಟೆಗಳಿಂದ ಓಡಿಸಿದ್ದನಲ್ಲ, ಅದೇ ಪೋರ್ಚುಗೀಸರು. ಗೋವಾಕ್ಕೆ ಊಟಕ್ಕೆ ಕರಾವಳಿಯ ಅಕ್ಕಿ ಬೇಕು, ಹಡಗು ತುಂಬೋಕೆ ಮಲೆನಾಡಿನ ಮೆಣಸು ಬೇಕು. ಅಕ್ಕಿ, ಮೆಣಸಿನ ವ್ಯಾಪಾರ ಕುದುರಿತು. ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರದಲ್ಲಿ ಚರ್ಚ್ ಕಟ್ಟಿಕೊಳ್ಳೋಕೆ ಅನುಮತಿಯೂ ಸಿಕ್ಕಿತು. ವೀರಶೈವ ರಾಣಿ ಕೊಟ್ಟ ಅನುಮತಿ ಇದು. ಸೋತ ಶತ್ರುವನ್ನು ಗಿರಾಕಿ ಮಾಡಿಕೊಳ್ಳೋದು ಅಂದರೆ ತಮಾಷೆನಾ? ರಾಜಾರಾಮ ಬಂದಿದ್ದು ಇದಾಗಿ ಹನ್ನೊಂದು ವರ್ಷಕ್ಕೆ, 1689ರಲ್ಲಿ.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ಚೆನ್ನಮ್ಮನಿಗಿಂತ ಮೊದಲೇ ಈ ಸೀಮೆಗೆ ಒಬ್ಬ ಮೆಣಸಿನ ರಾಣಿ ಇದ್ದರು. ಗೇರುಸೊಪ್ಪೆಯ ಚೆನ್ನಭೈರಾದೇವಿ. ಪೋರ್ಚುಗೀಸರೇ ಕೊಟ್ಟ ಬಿರುದು ‘ರೈನಾ ದ ಪಿಮೆಂಟಾ’. ಸಾಗರ ತಾಲ್ಲೂಕಿನ ಕಾನೂರು ಕೋಟೆ ಅವರದೇ. ಅವರನ್ನು ಸೋಲಿಸಿ ಸೆರೆಯಲ್ಲಿಟ್ಟವರು ಯಾರು? ಇದೇ ಕೆಳದಿಯ ವೆಂಕಟಪ್ಪ ನಾಯಕ. ಒಬ್ಬ ರಾಣಿಯಿಂದ ಕಿತ್ತುಕೊಂಡ ವ್ಯಾಪಾರವನ್ನು ಮುಂದೆ ಅದೇ ಮನೆಯ ಸೊಸೆ ನಡೆಸಿದರು.

ಸ್ಟುಡಿಯೋಗೆ ಮಹಿಳಾ ಉದ್ಯಮಿ ಬಂದರೆ ‘ಮನೆ, ಬಿಸಿನೆಸ್ ಎರಡನ್ನೂ ಹೇಗೆ ನಿಭಾಯಿಸ್ತೀರಿ ಮೇಡಂ’ ಅಂತ ನಾನೂ ಕೇಳಿದ್ದೀನಿ. ಲಾಭ ಎಷ್ಟು, ಗಿರಾಕಿ ಯಾರು ಅಂತ ಕೇಳಿದ್ದು ಕಡಿಮೆ. ಚೆನ್ನಮ್ಮನ ವಿಷಯದಲ್ಲಿ ಇತಿಹಾಸದ ಪಾಠವೂ ಹೀಗೇ ಮಾಡಿತು.

1763ರಲ್ಲಿ ಹೈದರಾಲಿ ಬಿದನೂರು ಹಿಡಿದಾಗ ಅಲ್ಲಿ ಆಳುತ್ತಿದ್ದವರೂ ರಾಣಿಯೇ, ವೀರಮ್ಮಾಜಿ. ಅಲ್ಲಿ ಸಿಕ್ಕ ಸಂಪತ್ತೇ ತನ್ನ ಏಳಿಗೆಗೆ ಬುನಾದಿ ಅಂತ ಹೈದರಾಲಿಯೇ ಹೇಳಿಕೊಳ್ತಿದ್ದನಂತೆ.