ಒಂದೇ ಅಚ್ಚು, ಎರಡು ಹಡಗು

ಅಕ್ಕನ ಮಗಳು ಹೈದರಾಬಾದಿನಲ್ಲಿ ಏಳನೇ ತರಗತಿ ಓದುತ್ತಾಳೆ. ಹೋದ ವರ್ಷ ಹುಟ್ಟುಹಬ್ಬಕ್ಕೆ ಎರಡು ತಿಂಗಳು ಮುಂಚೆಯೇ ಫೋನ್ ಮಾಡಿ, "ಚಿಕ್ಕಮ್ಮ, ಈ ಸಲ ಪುಸ್ತಕ ಬೇಡ. ಡಾರ್ವಿನ್ ಹೋಗಿದ್ನಲ್ಲ, ಆ ಹಡಗು ಬೇಕು. ನಾನೇ ಅಂಟಿಸಿ ಕಟ್ಟೋ ಥರದ್ದು" ಅಂದಳು. ಪುಸ್ತಕ ಬಿಟ್ಟು ಬೇರೆ ಉಡುಗೊರೆ ಕೊಟ್ಟು ಅಭ್ಯಾಸವಿಲ್ಲದ ನಾನು ಪುಣೆಯಲ್ಲಿ ಕೂತು ಪ್ಲಾಸ್ಟಿಕ್ ಹಾಯಿಹಡಗುಗಳ ಲೋಕಕ್ಕೆ ಇಳಿದದ್ದು ಹೀಗೆ.

ಇವನ್ನು ನೋಡದವರಿಗೆ ಒಂದು ಮಾತು. ಕಿಟ್ಟಿನಲ್ಲಿ ಹಡಗಿನ ಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಬ್ಲೇಡಿನಿಂದ ಒಂದೊಂದನ್ನೇ ಬಿಡಿಸಿ, ಅಂಚು ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ವಿಮಾನದ ಕಿಟ್ಟಾದರೆ ಕೆಲಸ ಅಲ್ಲಿಗೆ ಮುಗಿಯುತ್ತದೆ. ಹಾಯಿಹಡಗಿಗೆ ಅದು ಅರ್ಧ ಮಾತ್ರ, ಕಂಬದಿಂದ ಕಂಬಕ್ಕೆ ದಾರ ಕಟ್ಟುವುದು ಇನ್ನೂ ಬಾಕಿ ಇರುತ್ತದೆ. ನಮ್ಮ ಊರುಗಳಲ್ಲಿ ಇವು ಸಿಗುವುದು ಕಡಿಮೆ. ಸಿಕ್ಕಿದರೂ ಆಮದಿನ ಖರ್ಚು ಸೇರಿ ಬೆಲೆ ಏರಿರುತ್ತದೆ. ಹಾಗಾಗಿ ಕೊಳ್ಳುವ ಮುನ್ನ ಹೋಲಿಸಿ ನೋಡುವುದು ಅನಿವಾರ್ಯ.

ಅಮೆರಿಕದ ರೆವೆಲ್ ಕಂಪನಿಯ 'ಬೀಗಲ್' ಕಿಟ್ ಬೇಗನೆ ಕಣ್ಣಿಗೆ ಬಿತ್ತು. ಅದರ ಪಕ್ಕದಲ್ಲೇ ಅದೇ ಕಂಪನಿಯ 'ಬೌಂಟಿ'. ಹಳೆಯ ಕಿಟ್ಟುಗಳನ್ನು ಮಾರುವ ಮುಂಬೈಯ ಒಬ್ಬರು ಎರಡರ ಬಿಡಿಭಾಗಗಳ ಫೋಟೊಗಳನ್ನೂ ಕಳಿಸಿದರು. ಪಕ್ಕಪಕ್ಕ ಇಟ್ಟು ನೋಡಿದೆ. ಡೆಕ್ಕಿನ ಮೇಲಿನ ಕೆಲವು ಸಾಮಾನು ಬೇರೆ. ಆದರೆ ಹಡಗಿನ ಒಡಲು, ಅದರ ಬಾಗು ಎಲ್ಲ ಒಂದೇ. ವಿಚಾರಿಸಿದಾಗ ಇದು ಹಡಗು ಕಟ್ಟುವ ಹವ್ಯಾಸಿಗಳಿಗೆ ಬಹಳ ಹಿಂದೆಯೇ ಗೊತ್ತಿದ್ದ ಸಂಗತಿ ಎಂದು ತಿಳಿಯಿತು. ರೆವೆಲ್ 1956ರಲ್ಲಿ ಬೌಂಟಿಯ ಕಿಟ್ ತಂದಿತು. 1960ರ ದಶಕದ ಆರಂಭದಲ್ಲಿ ಅದೇ ಅಚ್ಚಿಗೆ ಕೆಲವು ಭಾಗ ಬದಲಿಸಿ, ಹೊಸ ಚಿತ್ರದ ಡಬ್ಬಿಯಲ್ಲಿಟ್ಟು, ಬೀಗಲ್ ಎಂದು ಕರೆಯಿತು.

ಹೀಗೆ ಮಾಡಲು ಸಾಧ್ಯವಾದದ್ದಕ್ಕೆ ಒಂದು ಕಾರಣವಿದೆ. ಅಳತೆಯಲ್ಲಿ ಎರಡೂ ಹಡಗುಗಳು ಹೆಚ್ಚುಕಮ್ಮಿ ಸಮ. ಎರಡೂ ಸುಮಾರು 90 ಅಡಿ ಉದ್ದ, 24 ಅಡಿಯ ಆಸುಪಾಸು ಅಗಲ. ಆದರೆ ಹುಟ್ಟು ಬೇರೆ, ಕೆಲಸ ಬೇರೆ. ಬೌಂಟಿ ಮೊದಲು 'ಬೆಥಿಯಾ' ಎಂಬ ಹೆಸರಿನ ಕಲ್ಲಿದ್ದಲು ಸಾಗಿಸುವ ಹಡಗು, 1784ರಲ್ಲಿ ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ ಕಟ್ಟಿದ್ದು. ಸರಕು ಹಿಡಿಸಬೇಕಾದ್ದರಿಂದ ದುಂಡು ಮೂತಿ, ತುಂಬು ಹೊಟ್ಟೆ. 1787ರಲ್ಲಿ ನೌಕಾಪಡೆ ಅದನ್ನು ಕೊಂಡದ್ದು ಒಂದು ವಿಚಿತ್ರ ಕೆಲಸಕ್ಕೆ: ತಾಹಿತಿಯಿಂದ ಜೀಗುಜ್ಜೆ ಸಸಿಗಳನ್ನು ವೆಸ್ಟ್ ಇಂಡೀಸಿಗೆ ಒಯ್ಯಲು. ಮಂಗಳೂರಿನ ಕಡೆಯವರು ಪೋಡಿ ಮಾಡಿ ತಿನ್ನುವ ಅದೇ ಜೀಗುಜ್ಜೆ. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಊಟ ಒದಗಿಸುವುದು ಉದ್ದೇಶ. ಹಡಗಿನ ಹಿಂಬದಿಯ ದೊಡ್ಡ ಕೋಣೆಯನ್ನು ಕುಂಡಗಳಿಗೆ ಬಿಟ್ಟುಕೊಟ್ಟರು. 1789ರ ಏಪ್ರಿಲ್ 28ರಂದು ನಾವಿಕರು ಕಪ್ತಾನ ಬ್ಲೈ ವಿರುದ್ಧ ದಂಗೆಯೆದ್ದು ಅವನನ್ನು ದೋಣಿಗಿಳಿಸಿದರು. ಮರುವರ್ಷ ಜನವರಿಯಲ್ಲಿ ದಂಗೆಕೋರರೇ ಪಿಟ್‌ಕೇರ್ನ್ ದ್ವೀಪದಲ್ಲಿ ಹಡಗಿಗೆ ಬೆಂಕಿಯಿಟ್ಟರು.

ಬೀಗಲ್ ಯುದ್ಧಕ್ಕೆಂದೇ ಹುಟ್ಟಿದ ಹಡಗು. 1820ರಲ್ಲಿ ವುಲಿಚ್‌ನಲ್ಲಿ ನೀರಿಗಿಳಿಯಿತು. ಹತ್ತು ತೋಪು, ಎರಡೇ ಕಂಬ. ಈ ಮಾದರಿಯ ನೂರಕ್ಕೂ ಹೆಚ್ಚು ಹಡಗುಗಳನ್ನು ಬ್ರಿಟಿಷರು ಕಟ್ಟಿದ್ದರು. ಸರ್ವೇ ಕೆಲಸಕ್ಕೆ ಹಾಕಿದಾಗ ಮೂರನೇ ಕಂಬ ಬಂತು. ಡಾರ್ವಿನ್ ಹತ್ತುವ ಮುನ್ನ ಕಪ್ತಾನ ಫಿಟ್ಜ್‌ರಾಯ್ ಮೇಲಿನ ಡೆಕ್ಕನ್ನು ಹಿಂದೆ 8 ಇಂಚು, ಮುಂದೆ 12 ಇಂಚು ಎತ್ತರಿಸಿದ. 1831ರ ಡಿಸೆಂಬರಿನಿಂದ 1836ರ ಅಕ್ಟೋಬರಿನವರೆಗೆ ಅದು ಭೂಮಿ ಸುತ್ತಿತು. ಕೊನೆಗೆ ಎಸೆಕ್ಸ್‌ನ ಹಿನ್ನೀರಿನಲ್ಲಿ ಕಳ್ಳಸಾಗಣೆ ಕಾಯುತ್ತ ನಿಂತು, 1870ರಲ್ಲಿ ಗುಜರಿಗೆ ಹೋಯಿತು.

ಉದ್ದ ಅಗಲ ಒಂದೇ ಇದ್ದ ಮಾತ್ರಕ್ಕೆ ಹಡಗು ಒಂದೇ ಅಲ್ಲ. ರಾಜ್ಯದ ಹೊರಗಿರುವ ನಮಗೆ ಇದು ದಿನವೂ ಆಗುವ ಅನುಭವ. ನಾವು 'ಉಪನ್ಯಾಸ' ಎಂದರೆ ಭಾಷಣ, ದೆಹಲಿಯ ನೆರೆಮನೆಯವರಿಗೆ ಅದು ಕಾದಂಬರಿ. ಹಿಂದಿಯ 'ಶಿಕ್ಷಾ' ಓದು, ನಮ್ಮ 'ಶಿಕ್ಷೆ' ಬೆತ್ತದೇಟು. ಅಕ್ಷರ ಅದೇ, ಒಳಗೆ ತುಂಬಿದ ಸರಕು ಬೇರೆ.

ಕಂಪನಿಯವರು ಹೀಗೇಕೆ ಮಾಡಿದರು? ಉತ್ತರ ಉಕ್ಕಿನ ಅಚ್ಚಿನಲ್ಲಿದೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ನುಗ್ಗಿಸಿ, ತಣಿಸಿ ತೆಗೆಯುತ್ತಾರೆ. ಒಂದೊಂದು ಎರಕಕ್ಕೆ ತಗಲುವ ಖರ್ಚು ಅಲ್ಪ. ಆದರೆ ಆ ಅಚ್ಚು ಕೊರೆಯುವುದಕ್ಕೆ ನುರಿತ ಕುಶಲಕರ್ಮಿಗಳ ತಿಂಗಳುಗಟ್ಟಲೆ ದುಡಿಮೆ ಬೇಕು. ಮೊದಲು ಮರದಲ್ಲಿ ದೊಡ್ಡ ಮಾದರಿ ಮಾಡಿ, ಆಮೇಲೆ ಅದನ್ನು ಕುಗ್ಗಿಸಿ ಉಕ್ಕಿನಲ್ಲಿ ಕೊರೆಯಬೇಕಿತ್ತು. ಹಾಕಿದ ದುಡ್ಡು ಹುಟ್ಟಬೇಕಾದರೆ ಅಚ್ಚು ಸುಮ್ಮನೆ ಕೂರಬಾರದು. ಇನ್ನೊಂದು ಕಡೆ ಮಾರುಕಟ್ಟೆಯೂ ತೆರೆದುಕೊಂಡಿತ್ತು. 1952ರಲ್ಲಿ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ ಡ್ರೇಕ್‌ನ 'ಗೋಲ್ಡನ್ ಹೈಂಡ್' ಹಡಗಿನ ಪುಟ್ಟ ಕಿಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ವುಲ್‌ವರ್ತ್ ಅಂಗಡಿಗಳಲ್ಲಿ ಎರಡು ಷಿಲಿಂಗಿಗೆ ಮಾರಿತು. ಅಷ್ಟು ಅಗ್ಗಕ್ಕೆ ಕೊಡಬೇಕಾದರೆ ಒಂದೇ ಅಚ್ಚಿನಿಂದ ಸಾವಿರಾರು ತೆಗೆಯಲೇಬೇಕು.

ರೆವೆಲ್‌ನಲ್ಲಿ ಇಂಥ ಜೋಡಿಗಳು ಇನ್ನೂ ಇವೆ, ಒಂದಕ್ಕಿಂತ ಒಂದು ಸ್ವಾರಸ್ಯ. 1959ರಲ್ಲಿ ಅದು 'ಕಟಿ ಸಾರ್ಕ್' ಎಂಬ ಚಹಾ ಹಡಗಿನ ದೊಡ್ಡ ಕಿಟ್ ತಂದಿತು. ಅಳತೆ 1/96, ಅಂದರೆ ನಿಜವಾದ ಒಂದಡಿಗೆ ಇಲ್ಲಿ ಇಂಚಿನ ಎಂಟನೇ ಒಂದು ಭಾಗ. ಕಟ್ಟಿ ಮುಗಿಸಿದರೆ ಹೆಚ್ಚುಕಡಿಮೆ ಮೂರಡಿ ಉದ್ದ. ಈಗಲೂ ಒಳ್ಳೆಯ ಕಿಟ್ ಎಂದೇ ಹೆಸರಿದೆ. ಬೆನ್ನಲ್ಲೇ ಅದನ್ನೇ ತಿದ್ದಿ 'ಥರ್ಮಾಪಿಲೆ' ತಂದರು. ಈ ಎರಡು ಹಡಗುಗಳು ಜನ್ಮದ ಎದುರಾಳಿಗಳು. 1872ರ ಜೂನ್‌ನಲ್ಲಿ ಶಾಂಘೈನಿಂದ ಚಹಾ ಹೊತ್ತು ಜಿದ್ದಿಗೆ ಬಿದ್ದು ಹೊರಟವು. ಕಟಿ ಸಾರ್ಕ್‌ನ ಚುಕ್ಕಾಣಿ ನಡುಸಮುದ್ರದಲ್ಲಿ ಕಿತ್ತುಹೋಯಿತು. ಹಡಗಿನಲ್ಲೇ ಬೇರೆ ಚುಕ್ಕಾಣಿ ಮಾಡಿ ಜೋಡಿಸಿದರೂ ಥರ್ಮಾಪಿಲೆ ಒಂದು ವಾರ ಮೊದಲು ಲಂಡನ್ ತಲುಪಿತು. ಕಿಟ್ಟಿನ ಲೋಕದಲ್ಲಿ ಮಾತ್ರ ಈ ಎದುರಾಳಿಗಳು ಒಂದೇ ಒಡಲಿನವರು.

ಅಮೆರಿಕದ ಅಂತರ್ಯುದ್ಧದ 'ಕಿಯರ್‌ಸಾರ್ಜ್' ಮತ್ತು 'ಅಲಬಾಮ' ಕಥೆಯೂ ಹೀಗೇ. ಅಲಬಾಮ ದಕ್ಷಿಣದವರ ಹಡಗು, ಉತ್ತರದವರ ವ್ಯಾಪಾರಿ ಹಡಗುಗಳನ್ನು ಹುಡುಕಿ ಸುಡುವುದು ಅದರ ಕೆಲಸ. 1864ರ ಜನವರಿಯಲ್ಲಿ ಅದು ನಮ್ಮ ಮಲಬಾರ್ ಕರಾವಳಿಯವರೆಗೂ ಬಂದು ಒಂದು ಅಮೆರಿಕನ್ ಹಡಗನ್ನು ಸುಟ್ಟು, ಸೆರೆಯಾಳುಗಳನ್ನು ಕೇರಳದ ಅಂಜುತೆಂಗಿನಲ್ಲಿ ಇಳಿಸಿ ಹೋಯಿತು. ಅದೇ ವರ್ಷ ಜೂನ್ 19ರಂದು ಫ್ರಾನ್ಸಿನ ಶೆರ್ಬುರ್ಗ್ ಬಳಿ ಕಿಯರ್‌ಸಾರ್ಜ್ ಅದನ್ನು ಮುಳುಗಿಸಿತು. ನೂರು ವರ್ಷದ ಬಳಿಕ ಅಲಬಾಮ ಕಿಟ್ಟಾಗಿ ಮರುಹುಟ್ಟು ಪಡೆದದ್ದು ತನ್ನನ್ನು ಕೊಂದವನ ಅಚ್ಚಿನಲ್ಲಿ.

ಇಷ್ಟು ಓದಿದ ಮೇಲೆ ನನಗೆ ಸಿಟ್ಟೇ ಬಂದಿತ್ತು, ಇದು ಮೋಸವಲ್ಲದೆ ಮತ್ತೇನು ಎಂದು. ಆದರೆ ನಿಜವಾದ ಹಡಗುಗಳ ಚರಿತ್ರೆಗೆ ತಿರುಗಿದರೆ ಸಿಟ್ಟು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಒಡಲನ್ನು ನಕಲು ಮಾಡುವುದು ನೌಕಾಪಡೆಗಳ ಹಳೆಯ ಪದ್ಧತಿ. 1782ರಲ್ಲಿ ಬ್ರಿಟಿಷರು 'ಎಬೆ' ಎಂಬ ಫ್ರೆಂಚ್ ಫ್ರಿಗೇಟನ್ನು ಸೆರೆಹಿಡಿದರು. ಅದರ ಅಂದಚಂದಕ್ಕೆ ಮಾರುಹೋಗಿ, ಅಳತೆ ತೆಗೆದು, ಅದೇ ನಕ್ಷೆಯ ಮೇಲೆ 'ಲೀಡಾ' ವರ್ಗದ ಹಡಗುಗಳನ್ನು ಕಟ್ಟತೊಡಗಿದರು. ಆ ವರ್ಗದ ಒಂದು ಹಡಗು ಹುಟ್ಟಿದ್ದು ನಮ್ಮ ಮುಂಬೈಯಲ್ಲಿ. 1817ರಲ್ಲಿ ವಾಡಿಯಾ ಮನೆತನದ ಪಾರ್ಸಿ ಹಡಗುಗಾರರು ತೇಗದಲ್ಲಿ ಕಟ್ಟಿದ 'ಟ್ರಿಂಕೋಮಲೀ' ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೆ ನಿಂತಿದೆ. ಅದರ ನಕ್ಷೆ ಮುಂಬೈಗೆ ಬಂದ ಬಗೆಯೂ ಒಂದು ಕಥೆ. ಮೊದಲ ಪ್ರತಿ ಹೊತ್ತಿದ್ದ 'ಜಾವಾ' ಹಡಗನ್ನು 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ 'ಕಾನ್‌ಸ್ಟಿಟ್ಯೂಷನ್' ಸೋಲಿಸಿತು. ನಕ್ಷೆಯೂ ಅದರ ಜೊತೆ ಹೋಯಿತು. ಇನ್ನೊಂದು ಪ್ರತಿ ಕಳಿಸಬೇಕಾಯಿತು.

ಫ್ರೆಂಚರ ಒಡಲು, ಇಂಗ್ಲಿಷರ ಕಾಗದ, ಪಾರ್ಸಿಗಳ ಕೈ, ಹಿಂದುಸ್ತಾನದ ತೇಗ, ಸಿಂಹಳದ ಊರಿನ ಹೆಸರು. ಇದನ್ನು ಯಾರೂ ಮೋಸ ಎನ್ನುವುದಿಲ್ಲ. ಯಾಕೆಂದರೆ ಯಾರೂ ಮುಚ್ಚಿಡಲಿಲ್ಲ. ಎಬೆಯ ನಕಲು ಎಂದು ದಾಖಲೆಯಲ್ಲೇ ಇದೆ. ಹೆಸರು ಬದಲಾಗುವುದೂ ತಪ್ಪಲ್ಲ. ಟ್ರಿಂಕೋಮಲೀ ನಡುವೆ ಎಷ್ಟೋ ವರ್ಷ 'ಫೂದ್ರೋಯಾಂ' ಆಗಿತ್ತು. ಕಟಿ ಸಾರ್ಕ್ ಪೋರ್ಚುಗೀಸರ ಕೈಯಲ್ಲಿ 'ಫೆರೇರ' ಆಗಿ ದುಡಿಯಿತು. ಅಲ್ಲಿ ಮರ ಅದೇ ಇದ್ದು ಹೆಸರು ಬೇರೆಯಾಯಿತು, ಅದೂ ಎಲ್ಲರ ಕಣ್ಣೆದುರು. ಕಿಟ್ಟಿನ ಡಬ್ಬಿಯ ತಪ್ಪು ಅಚ್ಚನ್ನು ಮತ್ತೆ ಬಳಸಿದ್ದಲ್ಲ. ಬಳಸಿದೆವು ಎಂದು ಒಂದು ಸಾಲು ಬರೆಯದೆ ಹೋದದ್ದು. ಬರೆದಿದ್ದರೆ ಮಕ್ಕಳು ಕೊಳ್ಳುತ್ತಿರಲಿಲ್ಲವೇ? ಕೊಳ್ಳುತ್ತಿದ್ದರು ಎಂದೇ ನನ್ನ ನಂಬಿಕೆ.

ಇಲ್ಲಿ ನನ್ನದೂ ಒಂದು ಲೆಕ್ಕ ಒಪ್ಪಿಸಬೇಕು. ಕೆಲವು ವರ್ಷದ ಹಿಂದೆ ಒಂದು ಫ್ರೆಂಚ್ ಕಾದಂಬರಿಯನ್ನು ಕನ್ನಡಕ್ಕೆ ತಂದೆ. ನನಗೆ ಫ್ರೆಂಚ್ ಬಾರದು. ನನ್ನ ಮುಂದಿದ್ದದ್ದು ಇಂಗ್ಲಿಷ್ ಅನುವಾದ. ಪುಸ್ತಕ ಅಚ್ಚಾಗಿ ಬಂದಾಗ ಒಳಪುಟದಲ್ಲಿ 'ಮೂಲ ಫ್ರೆಂಚ್‌ನಿಂದ ಕನ್ನಡಕ್ಕೆ' ಎಂದಿತ್ತು. ಪ್ರಕಾಶಕರಿಗೆ ಫೋನ್ ಮಾಡಬೇಕೆಂದು ಅಂದುಕೊಂಡೆ, ಮಾಡಲಿಲ್ಲ. ಒಂದು ಸಭೆಯಲ್ಲಿ ಹಿರಿಯರೊಬ್ಬರು "ಫ್ರೆಂಚಿನ ಲಯವನ್ನು ಚೆನ್ನಾಗಿ ಹಿಡಿದಿದ್ದೀರಿ" ಎಂದು ಮೆಚ್ಚಿಕೊಂಡಾಗ ಕೈಮುಗಿದೆ. ಇಂಗ್ಲಿಷಿಗೆ ತಂದ ಆ ಅನುವಾದಕಿಯ ಹೆಸರು ನನ್ನ ಪುಸ್ತಕದ ಎಲ್ಲೂ ಇಲ್ಲ. ಒಡಲು ಅವಳದು, ಡಬ್ಬಿಯ ಮೇಲಿನ ಚಿತ್ರ ಬೇರೆಯದು. ಬೀಗಲ್ ಕಿಟ್ಟಿನ ಮೇಲೆ ಸಿಟ್ಟಾಗುವ ಹಕ್ಕು ನನಗೆ ಎಷ್ಟಿದೆ ಎಂದು ಅಂದು ರಾತ್ರಿ ಯೋಚಿಸಿದೆ.

ಯೋಚನೆ ಏನೇ ಇರಲಿ, ಹುಟ್ಟುಹಬ್ಬ ಹತ್ತಿರ ಬರುತ್ತಿತ್ತು. ನೀವೂ ಇಂಥದ್ದನ್ನು ಕೊಳ್ಳುವುದಿದ್ದರೆ, ನಾನು ಕಂಡುಕೊಂಡ ಒಂದು ದಾರಿ ಹೇಳುತ್ತೇನೆ. ಭಾಗಗಳೆಷ್ಟು, ಬೆಲೆಯೆಷ್ಟು ಎಂದು ನೋಡುವ ಮೊದಲು, ಈ ಹಡಗಿನ ಬಗ್ಗೆ ಜಗತ್ತಿಗೆ ಏನು ಗೊತ್ತು ಎಂದು ಕೇಳಿಕೊಳ್ಳಿ. ಕೆಲವು ಹಡಗುಗಳು ಈಗಲೂ ಇವೆ: ಗ್ರೀನಿಚ್‌ನಲ್ಲಿ ಕಟಿ ಸಾರ್ಕ್, ಬಾಸ್ಟನ್‌ನಲ್ಲಿ ಕಾನ್‌ಸ್ಟಿಟ್ಯೂಷನ್, ಪೋರ್ಟ್ಸ್‌ಮತ್‌ನಲ್ಲಿ ನೆಲ್ಸನ್‌ನ ವಿಕ್ಟರಿ. ಇವುಗಳ ಕಿಟ್ಟನ್ನು ಫೋಟೊ ಜೊತೆ ತಾಳೆ ನೋಡಬಹುದು. ಎರಡನೆಯವು ಹಡಗು ಹೋದರೂ ನಕ್ಷೆ ಉಳಿದಂಥವು. ಬೌಂಟಿಯನ್ನು ಜೀಗುಜ್ಜೆಗಾಗಿ ಸಜ್ಜುಗೊಳಿಸಿದಾಗಿನ ನಕ್ಷೆಗಳು ಇಂಗ್ಲೆಂಡಿನಲ್ಲಿ ಈಗಲೂ ಇವೆ. ಮೂರನೆಯವು ಕೊಲಂಬಸನ ಸಾಂತಾ ಮರಿಯಾ, ಡ್ರೇಕ್‌ನ ಗೋಲ್ಡನ್ ಹೈಂಡ್‌ನಂಥವು. ಇವಕ್ಕೆ ಹಡಗೂ ಇಲ್ಲ, ನಕ್ಷೆಯೂ ಇಲ್ಲ. ಯಾವ ಕಂಪನಿಯದಾದರೂ ಊಹೆಯೇ. ಊಹೆ ಎಂದು ತಿಳಿದು ಕೊಂಡರೆ ಅದರಲ್ಲಿ ತಪ್ಪೇನಿಲ್ಲ.

ಕಣ್ಣೆದುರಿನ ಹಡಗೂ ಪೂರ್ತಿ ನಂಬಿಕೆಗೆ ಸಿಗುವುದಿಲ್ಲ. ಸ್ವೀಡನ್ನಿನ 'ವಾಸಾ' 1628ರ ಆಗಸ್ಟ್ 10ರಂದು ಮೊದಲ ಪಯಣದಲ್ಲೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿ, 1961ರಲ್ಲಿ ಮೇಲೆ ಬಂತು. ಅದರ ಹಿಂಬದಿಯ ಕೆತ್ತನೆಗಳ ಹಿನ್ನೆಲೆ ನೀಲಿ ಎಂದು ಬಹುಕಾಲ ನಂಬಿದ್ದರು. ಬಣ್ಣದ ಕಣಗಳನ್ನು ಪರೀಕ್ಷಿಸಿದಾಗ ಕೆಂಪು ಎಂದು ತಿಳಿಯಿತು. ವಿಕ್ಟರಿಯ ಹಳದಿ ಪಟ್ಟಿಗಳಿಗೂ ಇಂಥ ಸಂಶೋಧನೆಯ ನಂತರ 2015ರಲ್ಲಿ ಗುಲಾಬಿ ಛಾಯೆಯ ತಿಳಿಬಣ್ಣ ಬಂತು. ಆದ್ದರಿಂದ ಹಳೆಯ ಕಿಟ್ಟಿನ ಬಣ್ಣದ ಸೂಚನೆಯನ್ನು ವೇದವಾಕ್ಯ ಮಾಡಿಕೊಳ್ಳಬೇಡಿ.

ಕೊನೆಗೆ ನಾನು ಕಳಿಸಿದ್ದು ಬೌಂಟಿ. ಜೊತೆಗೆ ಎರಡು ಪುಟದ ಪತ್ರ. ನೀನು ಕೇಳಿದ ಹಡಗು ಆ ಡಬ್ಬಿಯಲ್ಲಿ ಇರಲಿಲ್ಲ, ಇರುವುದನ್ನು ಅದರ ನಿಜವಾದ ಹೆಸರಿನಲ್ಲಿ ಕಳಿಸಿದ್ದೇನೆ ಎಂದು ಬರೆದೆ. ಅವಳಿಗೆ ಬೇಸರವಾಯಿತು. "ಹೆಸರು ನಾನೇ ಬರ್ಕೋತಿದ್ದೆ ಚಿಕ್ಕಮ್ಮ, ಯಾರಿಗೆ ಗೊತ್ತಾಗತ್ತೆ?" ಅಂದಳು. ಆಮೇಲೆ ಮೂರು ವಾರ ಸುದ್ದಿಯಿಲ್ಲ. ಒಂದು ಭಾನುವಾರ ವಾಟ್ಸಾಪಿನಲ್ಲಿ ಫೋಟೊ ಬಂತು. ಒಡಲಿನ ಎರಡು ಹೋಳು ಅಂಟಿಸಿ, ಒಣಗಲೆಂದು ರಬ್ಬರ್‌ಬ್ಯಾಂಡ್ ಸುತ್ತಿದ್ದಳು. ಕೆಳಗೆ ಒಂದು ಪ್ರಶ್ನೆ: "ಗಿಡ ಇಟ್ಟ ರೂಮು ಎಲ್ಲಿ?"

ಹಿಂಬದಿಯ ದೊಡ್ಡ ಕೋಣೆ ಎಂದು ಉತ್ತರಿಸಿದೆ. ಆಮೇಲೆ ಕೂತು ಪ್ರಕಾಶಕರಿಗೆ ಒಂದು ಮೇಲ್ ಬರೆದೆ. ಮುಂದಿನ ಮುದ್ರಣದಲ್ಲಿ 'ಇಂಗ್ಲಿಷ್ ಅನುವಾದದ ಮೂಲಕ' ಎಂಬ ಮಾತನ್ನೂ ಆ ಅನುವಾದಕಿಯ ಹೆಸರನ್ನೂ ಸೇರಿಸಬೇಕೆಂದು ಕೇಳಿಕೊಂಡೆ. ಉತ್ತರ ಇನ್ನೂ ಬಂದಿಲ್ಲ. ಹೈದರಾಬಾದಿನಲ್ಲಿ ಈಗ ದಾರ ಕಟ್ಟುವ ಕೆಲಸ ನಡೆದಿದೆ.